8 ಜಿಬಿ ಸಾಲುತ್ತಿಲ್ಲ: ಹಳೇ ಲ್ಯಾಪ್‌ಟಾಪ್‌ಗೆ ಯಾವ ರ‍್ಯಾಮ್ ಹಾಕಿಸಲಿ?

ತಿಪಟೂರು ಜೆರಾಕ್ಸ್

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಫ್ಲೆಕ್ಸ್ ಡಿಸೈನು, ಆನ್‌ಲೈನ್ ಅರ್ಜಿ ತುಂಬಿಸುವುದು ನನ್ನ ಕೆಲಸ. ಎಲ್ಲಕ್ಕೂ ಒಂದೇ ಲ್ಯಾಪ್‌ಟಾಪ್. 2018ರಲ್ಲಿ ತಗೊಂಡಿದ್ದು. ಐ5 8ನೇ ಜನರೇಶನ್ ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್.

ಎರಡು ತಿಂಗಳಿಂದ ಇದು ತುಂಬಾ ಕಾಡುತ್ತಿದೆ. ಕೋರೆಲ್‌ಡ್ರಾ ತೆರೆದಿಟ್ಟು, ಬ್ರೌಸರ್‌ನಲ್ಲಿ ಹತ್ತು ಹನ್ನೆರಡು ಟ್ಯಾಬ್ ಇದ್ದರೆ ಮೌಸ್ ಕೂಡ ತಡವರಿಸುತ್ತದೆ. ಮೊನ್ನೆ ಒಬ್ಬರು ಅಜ್ಜಿ ಪಿಂಚಣಿ ಅರ್ಜಿಗೆ ಬಂದಿದ್ದರು. ಒಟಿಪಿ ಬಂತು, ಹಾಕುವಷ್ಟರಲ್ಲಿ ಪರದೆ ನಿಂತುಹೋಯಿತು. ಅದು ಬಿಟ್ಟುಕೊಳ್ಳುವ ಹೊತ್ತಿಗೆ ಒಟಿಪಿ ಸಮಯ ಮುಗಿದಿತ್ತು. ಹೀಗೆ ಮೂರು ಸಲ ಆಯಿತು. ಅವರು ಪಾಪ ಏನೂ ಅನ್ನಲಿಲ್ಲ, ನನಗೇ ಬೇಜಾರಾಯಿತು.

ಒಂದು ಅಂಗಡಿಯವರು "16 ಜಿಬಿಯ ಡಿಡಿಆರ್4 3200 ಹಾಕಿಸಿ" ಅನ್ನುತ್ತಾರೆ. ಇನ್ನೊಬ್ಬರು "ಹಾಕಿಸುವುದೇ ಆದರೆ ಡಿಡಿಆರ್5 ಹಾಕಿಸಿ, ಅದೇ ಲೇಟೆಸ್ಟ್" ಅನ್ನುತ್ತಾರೆ. ರ‍್ಯಾಮ್ ರೇಟು ನೋಡಿದರೆ ಹೋದ ವರ್ಷಕ್ಕಿಂತ ಎಷ್ಟೋ ಜಾಸ್ತಿ ಆಗಿದೆ. ಒಂದು ಸಲ ದುಡ್ಡು ಹಾಕಿದರೆ ಸರಿಯಾಗಿ ಆಗಬೇಕು. ದಯವಿಟ್ಟು ತಿಳಿದವರು ಹೇಳಿ.

ಬುಲೆಟ್ ಸವಾರ

ರ‍್ಯಾಮ್ ಬಿಡಿ ಸಾರ್. ಮೊದಲು ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ. ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ.

ರಿಪೇರಿ ಮೇಜು

ಯಾವುದನ್ನೂ ಈಗಲೇ ಕೊಳ್ಳಬೇಡಿ ಸಾರ್. ನಾನು ಹದಿನಾಲ್ಕು ವರ್ಷದಿಂದ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದೇನೆ. ರ‍್ಯಾಮ್ ಹಾಕಿಸಿಯೂ ಅಷ್ಟೇ ನಿಧಾನ ಅಂತ ವಾಪಸ್ ಬಂದವರನ್ನು ಬಹಳ ನೋಡಿದ್ದೇನೆ. ಏನು ಕಮ್ಮಿ ಇದೆ ಅಂತ ನೋಡದೆ ಹಾಕಿಸಿದ್ದೇ ಅದಕ್ಕೆ ಕಾರಣ.

ಒಂದು ಕೆಲಸ ಮಾಡಿ. ನಾಳೆ ಅಂಗಡಿಯಲ್ಲಿ ಜನ ಇರುವ ಹೊತ್ತಿಗೆ, ಎಲ್ಲಾ ಪ್ರೋಗ್ರಾಮ್ ತೆರೆದಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಬರುತ್ತದೆ. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ಇಷ್ಟು ಬರೆದುಕೊಳ್ಳಿ: 'ಇನ್ ಯೂಸ್' ಎಷ್ಟು, 'ಕಮಿಟೆಡ್' ಎಷ್ಟು, 'ಸ್ಪೀಡ್' ಎಷ್ಟು, 'ಸ್ಲಾಟ್ಸ್ ಯೂಸ್ಡ್' ಎಷ್ಟರಲ್ಲಿ ಎಷ್ಟು, 'ಫಾರ್ಮ್ ಫ್ಯಾಕ್ಟರ್' ಏನು. ಆಮೇಲೆ ಡಿಸ್ಕ್ ಶೇಕಡಾ ಎಷ್ಟು ಅಂತಲೂ ನೋಡಿ. ರಿಸೋರ್ಸ್ ಮಾನಿಟರ್ ತೆರೆದರೆ ಮೆಮೊರಿ ಪುಟದಲ್ಲಿ 'ಹಾರ್ಡ್ ಫಾಲ್ಟ್ಸ್' ಅಂತ ಒಂದು ಗ್ರಾಫ್ ಇರುತ್ತದೆ. ಅದನ್ನೂ ಗಮನಿಸಿ.

ತಿಪಟೂರು ಜೆರಾಕ್ಸ್

ಬೆಳಿಗ್ಗೆ 11 ಗಂಟೆಗೆ ನೋಡಿದ್ದು ಇದು.

ಇನ್ ಯೂಸ್ 7.2 ಜಿಬಿ. ಕಮಿಟೆಡ್ 12.6 ಜಿಬಿ. ಸ್ಪೀಡ್ 2400 ಮೆಗಾಹರ್ಟ್ಸ್. ಸ್ಲಾಟ್ 2ರಲ್ಲಿ 1. ಫಾರ್ಮ್ ಫ್ಯಾಕ್ಟರ್ ಎಸ್‌ಒಡಿಮ್. ಡಿಸ್ಕ್ 100%, ಕೆಳಗೆ ಇಳಿಯುವುದೇ ಇಲ್ಲ. ಹಾರ್ಡ್ ಫಾಲ್ಟ್ಸ್ ಗ್ರಾಫ್ ಒಂದೇ ಸಮನೆ ಮೇಲೆ ಏರಿ ಕೂತಿದೆ.

ಸಿಪಿಯು-ಝಡ್ ಅನ್ನುವ ಪ್ರೋಗ್ರಾಮ್ ಕೂಡ ಹಾಕಿ ನೋಡಿದೆ. ಅದರಲ್ಲಿ ರ‍್ಯಾಮ್ ವೇಗ 1200 ಅಂತ ತೋರಿಸುತ್ತಿದೆ. 2400 ಅಂತ ಹೇಳಿ 1200ರದ್ದು ಕೊಟ್ಟಿದ್ದಾರಾ ಅಂತ ಅನುಮಾನ ಶುರುವಾಗಿದೆ.

ರಿಪೇರಿ ಮೇಜು

ಮೋಸ ಏನೂ ಆಗಿಲ್ಲ ಸಾರ್, ನಿಶ್ಚಿಂತೆಯಿಂದ ಇರಿ. ಡಿಡಿಆರ್ ಅಂದರೆ ಡಬಲ್ ಡೇಟಾ ರೇಟ್. ಗಡಿಯಾರದ ಒಂದೊಂದು ಬಡಿತಕ್ಕೆ ಎರಡು ಸಲ ಡೇಟಾ ಸಾಗುತ್ತದೆ, ಬಡಿತ ಏರುವಾಗ ಒಂದು ಸಲ, ಇಳಿಯುವಾಗ ಒಂದು ಸಲ. ಬಡಿತ 1200, ಸಾಗಣೆ 2400. ಟಾಸ್ಕ್ ಮ್ಯಾನೇಜರ್ ಸಾಗಣೆಯ ಲೆಕ್ಕ ತೋರಿಸುತ್ತದೆ, ಸಿಪಿಯು-ಝಡ್ ಬಡಿತದ ಲೆಕ್ಕ ತೋರಿಸುತ್ತದೆ. ಎರಡೂ ಸರಿ.

ಈಗ ನಿಮ್ಮ ರೋಗಕ್ಕೆ ಬರೋಣ. ಕಮಿಟೆಡ್ 12.6 ಅಂದರೆ ನೀವು ತೆರೆದಿರುವ ಪ್ರೋಗ್ರಾಮ್‌ಗಳೆಲ್ಲಾ ಸೇರಿ ಅಷ್ಟು ಜಾಗ ಬೇಕು ಅಂತ ಹೇಳಿಟ್ಟಿವೆ. ಇರುವುದು 8. ಹೇಳಿಟ್ಟದ್ದನ್ನೆಲ್ಲಾ ಪ್ರೋಗ್ರಾಮ್‌ಗಳು ಒಂದೇ ಹೊತ್ತಿಗೆ ಬಳಸುವುದಿಲ್ಲ. ಹಾಗಾಗಿ ಕಮಿಟೆಡ್ ಸ್ವಲ್ಪ ಜಾಸ್ತಿ ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ. ಆದರೆ ನಿಮ್ಮಲ್ಲಿ ಹಾರ್ಡ್ ಫಾಲ್ಟ್ಸ್ ಕೂಡ ಬಿಡದೆ ಬರುತ್ತಿದೆ. ಬೇಕಾದ ಡೇಟಾ ರ‍್ಯಾಮ್‌ನಲ್ಲಿ ಇಲ್ಲ, ಡಿಸ್ಕ್‌ಗೆ ಹೋಗಿ ತರಬೇಕು ಅನ್ನುವುದಕ್ಕೆ ಅದೇ ಗುರುತು. ನೀವು ಕೋರೆಲ್‌ನಿಂದ ಬ್ರೌಸರ್‌ಗೆ ಬಂದಾಗಲೆಲ್ಲಾ ವಿಂಡೋಸ್ ಕೋರೆಲ್‌ನ ಡೇಟಾ ಎತ್ತಿ ಡಿಸ್ಕ್‌ಗೆ ಹಾಕಿ, ಬ್ರೌಸರ್‌ದು ಅಲ್ಲಿಂದ ಎತ್ತಿ ತರುತ್ತಿದೆ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಸೂಜಿ ಜಾಗಕ್ಕೆ ಹೋಗಿ ನಿಲ್ಲುವುದಕ್ಕೇ ಸುಮಾರು 10 ಮಿಲಿಸೆಕೆಂಡ್ ಬೇಕು. ಅದಕ್ಕೇ ನಿಮ್ಮ ಡಿಸ್ಕ್ 100% ತೋರಿಸುತ್ತಿದೆ. ಡಿಸ್ಕ್ ಕೆಟ್ಟಿದೆ ಅಂತಲ್ಲ, ರ‍್ಯಾಮ್ ಮಾಡಬೇಕಾದ ಕೆಲಸವನ್ನೂ ಅದೇ ಹೊರುತ್ತಿದೆ.

ನಿಮಗೆ ರ‍್ಯಾಮ್ ನಿಜವಾಗಿಯೂ ಕಮ್ಮಿ ಇದೆ. ಒಂದು ಸ್ಲಾಟ್ ಖಾಲಿಯೂ ಇದೆ. ಅದೃಷ್ಟ ಚೆನ್ನಾಗಿದೆ.

ಎಲೆಕ್ಟ್ರಾನಿಕ್ಸ್ ಮೇಡಂ

ರಿಪೇರಿ ಮೇಜು ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತೇನೆ. 'ಮೆಮೊರಿ' ಅನ್ನುವ ಒಂದೇ ಪದ ಮೂರು ನಾಲ್ಕು ಬೇರೆ ಬೇರೆ ವಸ್ತುಗಳಿಗೆ ನಡೆಯುತ್ತದೆ, ಗೊಂದಲ ಅಲ್ಲಿಂದಲೇ ಶುರುವಾಗುವುದು. "ನನ್ನ ಲ್ಯಾಪ್‌ಟಾಪ್ ಮೆಮೊರಿ 1 ಟಿಬಿ" ಅನ್ನುವ ವಿದ್ಯಾರ್ಥಿಗಳು ಪ್ರತಿ ವರ್ಷ ಸಿಗುತ್ತಾರೆ.

ಮದುವೆ ಮನೆಯ ಅಡುಗೆ ನೆನಪಿಸಿಕೊಳ್ಳಿ. ಭಟ್ಟರ ಕೈ ಪಕ್ಕದಲ್ಲೇ ಉಪ್ಪು, ಒಗ್ಗರಣೆ ಸಾಮಾನಿನ ಸಣ್ಣ ಡಬ್ಬಿ ಇರುತ್ತದೆ. ಅದು ಪ್ರೊಸೆಸರ್ ಒಳಗಿನ ಕ್ಯಾಶ್. ಹೆಚ್ಚಿದ ತರಕಾರಿ, ತುರಿದ ಕಾಯಿ, ತೊಳೆದ ಅಕ್ಕಿ ಎಲ್ಲಾ ಹರಡಿಕೊಂಡಿರುವ ಚಾಪೆ ರ‍್ಯಾಮ್. ಮೂಟೆಗಳು ಇರುವ ಉಗ್ರಾಣ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ಚಾಪೆ ಚಿಕ್ಕದಾದರೆ ಅರ್ಧ ಹೆಚ್ಚಿದ ಕುಂಬಳಕಾಯಿಯನ್ನು ಉಗ್ರಾಣದಲ್ಲಿಟ್ಟು ಬಂದು ಬದನೆಕಾಯಿ ಹೆಚ್ಚಬೇಕು. ಉಗ್ರಾಣ ಎಷ್ಟೇ ದೊಡ್ಡದಿದ್ದರೂ ಚಾಪೆ ಅಗಲ ಆಗುವುದಿಲ್ಲ ಅಲ್ವಾ?

ಈ ಮೂರೂ ಒಳಗಿನಿಂದಲೇ ಬೇರೆ. ಕ್ಯಾಶ್ ಎಸ್‌ರ‍್ಯಾಮ್‌ನಿಂದ ಆಗಿದೆ. ಒಂದು ಬಿಟ್ ಇಡುವುದಕ್ಕೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್ ಬೇಕು. ಬಲು ವೇಗ, ಆದರೆ ದುಬಾರಿ, ಜಾಗವೂ ಜಾಸ್ತಿ. ನಿಮ್ಮ ಪ್ರೊಸೆಸರ್ ಐ5-8250ಯು ಆಗಿದ್ದರೆ ಅದರಲ್ಲಿ ಇಂಥ ಎಲ್3 ಕ್ಯಾಶ್ ಇರುವುದು ಬರೀ 6 ಎಂಬಿ. ನೀವು ಅಂಗಡಿಯಲ್ಲಿ ಕೊಳ್ಳುವುದು ಡಿರ‍್ಯಾಮ್. ಅದರಲ್ಲಿ ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಸಾಕು. ಐಬಿಎಂನ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಈ ವಿನ್ಯಾಸಕ್ಕೆ ಪೇಟೆಂಟ್ ಸಿಕ್ಕಿತು. 1970ರಲ್ಲಿ ಬಂದ ಇಂಟೆಲ್ 1103 ಅನ್ನುವ ಡಿರ‍್ಯಾಮ್ ಚಿಪ್ಪಿನಲ್ಲಿ ಇದ್ದದ್ದು 1024 ಬಿಟ್. ಇವತ್ತಿನ ಒಂದು ಚಿಪ್ಪಿನಲ್ಲಿ 1600 ಕೋಟಿಗೂ ಹೆಚ್ಚು ಬಿಟ್ ಇರುತ್ತವೆ. ಪಾಠ ಮಾಡುವಾಗ ಇಲ್ಲಿಗೆ ಬಂದರೆ ಈಗಲೂ ನನಗೆ ರೋಮಾಂಚನ ಆಗುತ್ತದೆ.

ಆ ಕೆಪಾಸಿಟರ್ ತೂತು ಬಿದ್ದ ಕೊಡದ ಹಾಗೆ. ತುಂಬಿಟ್ಟ ಚಾರ್ಜ್ ಸೋರಿಹೋಗುತ್ತಲೇ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡ್‌ಗೆ ಒಂದು ಸಲ ಎಲ್ಲಾ ಸಾಲುಗಳನ್ನೂ ಓದಿ ಮತ್ತೆ ತುಂಬಬೇಕು. 'ಡೈನಾಮಿಕ್' ಅನ್ನುವ ಹೆಸರು ಬಂದಿದ್ದು ಇದರಿಂದಲೇ. ಕರೆಂಟ್ ನಿಂತರೆ ತುಂಬುವುದೂ ನಿಲ್ಲುತ್ತದೆ, ಸೇವ್ ಮಾಡದ ಮದುವೆ ಕಾರ್ಡು ಹೋಗುತ್ತದೆ.

ತಿಪಟೂರು ಜೆರಾಕ್ಸ್

ಮೇಡಂ, ಚಾಪೆ ಉದಾಹರಣೆ ನಮ್ಮ ಮನೆಯವರಿಗೂ ಓದಿ ಹೇಳಿದೆ. ಅವರಿಗೂ ಅರ್ಥವಾಯಿತು. ಪ್ರೊಸೆಸರ್ 8250ಯು ನಿಜ.

ಹಾಗಾದರೆ ಡಿಡಿಆರ್5 ಹಾಕಿಸಿದರೆ ಒಳ್ಳೆಯದಾ? 2400 ಇರುವ ಕಡೆ 3200 ಹಾಕಿದರೆ ಓಡುತ್ತದಾ?

ರಿಪೇರಿ ಮೇಜು

ಡಿಡಿಆರ್5 ನಿಮ್ಮ ಲ್ಯಾಪ್‌ಟಾಪ್ ಒಳಗೆ ಕೂರುವುದೇ ಇಲ್ಲ ಸಾರ್. ಯಾರು ಹೇಳಿದರೋ, ಅವರು ಲ್ಯಾಪ್‌ಟಾಪ್ ಬಿಚ್ಚಿ ನೋಡಿರಲಿಕ್ಕಿಲ್ಲ.

ಒಂದೊಂದು ತಲೆಮಾರಿಗೂ ಪಿನ್ ಬೇರೆ, ಮಧ್ಯದ ಕಚ್ಚು ಇರುವ ಜಾಗ ಬೇರೆ, ವೋಲ್ಟೇಜ್ ಬೇರೆ. ಲ್ಯಾಪ್‌ಟಾಪ್‌ನ ಡಿಡಿಆರ್3 ಸ್ಟಿಕ್‌ಗೆ 204 ಪಿನ್, ಡಿಡಿಆರ್4ಗೆ 260, ಡಿಡಿಆರ್5ಗೆ 262. ಡೆಸ್ಕ್‌ಟಾಪ್‌ನಲ್ಲಿ ಡಿಡಿಆರ್3ಗೆ 240 ಇದ್ದರೆ ಡಿಡಿಆರ್4, ಡಿಡಿಆರ್5 ಎರಡಕ್ಕೂ 288. ಅಲ್ಲಿ ಪಿನ್ ಲೆಕ್ಕ ಒಂದೇ ಆದರೂ ಕಚ್ಚಿನ ಜಾಗ ಬೇರೆ, ಆದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ. ಒತ್ತಿ ಕೂರಿಸಲು ಹೋಗಿ ಸ್ಲಾಟ್ ಮುರಿದುಕೊಂಡು ಬಂದವರಿದ್ದಾರೆ. ಡಿಡಿಆರ್3 ಓಡುವುದು 1.5 ವೋಲ್ಟ್‌ನಲ್ಲಿ, ಡಿಡಿಆರ್3ಎಲ್ 1.35ರಲ್ಲಿ, ಡಿಡಿಆರ್4 1.2ರಲ್ಲಿ, ಡಿಡಿಆರ್5 1.1ರಲ್ಲಿ. ಯಾವ ತಲೆಮಾರು ಅನ್ನುವುದನ್ನು ಪ್ರೊಸೆಸರ್ ಮತ್ತು ಬೋರ್ಡು ಮೊದಲೇ ತೀರ್ಮಾನ ಮಾಡಿರುತ್ತವೆ. ನಮ್ಮ ಕೈಯಲ್ಲಿ ಇಲ್ಲ.

3200 ಓಡುತ್ತದೆ. ಆದರೆ 2400ಕ್ಕೇ ಇಳಿದು ಓಡುತ್ತದೆ. 8250ಯು ಗರಿಷ್ಠ ಡಿಡಿಆರ್4-2400ನ್ನೇ ಒಪ್ಪುವುದು. ಹೊಸದೂ ಹಳೆಯದೂ ಜೊತೆಯಾಗಿ ಇದ್ದಾಗ ಎರಡೂ ನಿಧಾನದವನ ಹೆಜ್ಜೆಗೆ ಹೆಜ್ಜೆ ಹಾಕುತ್ತವೆ. ಅಂಗಡಿಯಲ್ಲಿ 2400 ಸಿಗದೆ 2666 ಅಥವಾ 3200 ಸಿಕ್ಕಿದರೆ ತಗೊಳ್ಳಿ. ವೇಗಕ್ಕೆ ಅಂತ ಜಾಸ್ತಿ ದುಡ್ಡು ಮಾತ್ರ ಕೊಡಬೇಡಿ.

ಈಗಿರುವ ಸ್ಟಿಕ್‌ನ ಸ್ಟಿಕರ್ ಓದಿಕೊಂಡು ಹೋಗಿ. 8ಜಿಬಿ, 1ಆರ್ ಎಕ್ಸ್8, ಪಿಸಿ4-2400ಟಿ-ಎಸ್ ಅಂತ ಏನೋ ಇರುತ್ತದೆ. ಪಿಸಿ4 ಅಂದರೆ ಡಿಡಿಆರ್4. ಎಸ್ ಅಂದರೆ ಲ್ಯಾಪ್‌ಟಾಪ್‌ನ ಸಣ್ಣ ಸ್ಟಿಕ್. ಕೆಲವು ಕಂಪನಿಗಳು ಪಿಸಿ4-19200 ಅಂತ ಹಾಕುತ್ತವೆ. ಅದೂ ಇದೇ. 2400ನ್ನು 8ರಿಂದ ಗುಣಿಸಿದರೆ ಸೆಕೆಂಡಿಗೆ 19,200 ಎಂಬಿ. 3200ರದ್ದಾದರೆ 25600 ಅಂತ ಇರುತ್ತದೆ.

1ಆರ್ ಎಕ್ಸ್8 ಮತ್ತು 1ಆರ್ ಎಕ್ಸ್16 ಎರಡೂ ಸಿಕ್ಕಿದರೆ ಎಕ್ಸ್8 ಇರುವುದನ್ನೇ ಆರಿಸಿ. 8 ಜಿಬಿಯನ್ನು ಎಂಟು ಚಿಪ್ಪಿನಲ್ಲಿ ಮಾಡಿದ್ದು ಅದು. ಎಕ್ಸ್16ರಲ್ಲಿ ನಾಲ್ಕೇ ಚಿಪ್ಪು ಇರುತ್ತವೆ. ಡಿಡಿಆರ್4ನಲ್ಲಿ ಎಕ್ಸ್16 ಚಿಪ್ಪಿಗೆ ಬ್ಯಾಂಕ್ ಗ್ರೂಪ್ (ಕೆಲಸ ಹಂಚಿಕೊಳ್ಳುವ ಚಿಪ್ಪಿನ ಒಳಗಿನ ಗುಂಪು) ಎರಡೇ, ಎಕ್ಸ್8ಗೆ ನಾಲ್ಕು. ಹಾಗಾಗಿ ಎಕ್ಸ್8 ಸ್ವಲ್ಪ ಮುಂದಿರುತ್ತದೆ.

ಹುಬ್ಬಳ್ಳಿ ಗೇಮರ್

ಒಂದು ಮಾತು ಸೇರಿಸುತ್ತೇನೆ. ಹೊಸದಾಗಿ ಒಂದೇ 16ರ ಸ್ಟಿಕ್ ಹಾಕುವುದಕ್ಕಿಂತ ಇರುವ 8ಕ್ಕೆ ಇನ್ನೊಂದು 8 ಸೇರಿಸುವುದು ಒಳ್ಳೆಯದು. ಎರಡು ಸ್ಟಿಕ್ ಇದ್ದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಸಾಗುತ್ತದೆ. ಸೆಕೆಂಡಿಗೆ 19.2 ಜಿಬಿ ಇದ್ದದ್ದು 38.4 ಜಿಬಿ. ನಿಮ್ಮ ಲ್ಯಾಪ್‌ಟಾಪ್‌ಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪರದೆಯ ಕೆಲಸವೂ ಇದೇ ರ‍್ಯಾಮ್‌ನಲ್ಲಿ ನಡೆಯುತ್ತದೆ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಎರಡನೇ ಸ್ಟಿಕ್ ಹಾಕಿದ ದಿನವೇ ಗೇಮ್‌ನಲ್ಲಿ ವ್ಯತ್ಯಾಸ ಕಣ್ಣಿಗೆ ಕಂಡಿತ್ತು.

ಸಿಎಲ್ ನಂಬರ್ (ಕೇಳಿದ ಡೇಟಾ ಕೊಡಲು ರ‍್ಯಾಮ್ ಎಷ್ಟು ಬಡಿತ ಕಾಯಿಸುತ್ತದೆ ಅನ್ನುವ ಲೆಕ್ಕ) ನೋಡಿ ತಲೆ ಕೆಡಿಸಿಕೊಳ್ಳಬೇಡಿ. 2400ಕ್ಕೆ ಸಿಎಲ್17, 3200ಕ್ಕೆ ಸಿಎಲ್22 ಅಂತ ಇರುತ್ತದೆ. 22 ಅಂದರೆ ನಿಧಾನ ಅನ್ನಿಸುತ್ತದೆ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ ನೋಡಿ. ಮೊದಲನೆಯದು 14.2 ನ್ಯಾನೋಸೆಕೆಂಡ್, ಎರಡನೆಯದು 13.75. ಎರಡೂ ಒಂದೇ ಅನ್ನಬಹುದು. ಡಿಡಿಆರ್5 4800 ಸಿಎಲ್40 ತಗೊಂಡರೆ 16.7 ಬರುತ್ತದೆ. ಡಿಡಿಆರ್5ನ ಲಾಭ ಇರುವುದು ಒಂದೇ ಹೊತ್ತಿಗೆ ಎಷ್ಟು ಡೇಟಾ ಸಾಗಿಸುತ್ತದೆ ಅನ್ನುವುದರಲ್ಲಿ. ಮೊದಲ ಉತ್ತರ ಬೇಗ ಬರುತ್ತದೆ ಅಂತಲ್ಲ.

ಬುಲೆಟ್ ಸವಾರ

ನಾನು ಈಗಲೂ ಎಸ್‌ಎಸ್‌ಡಿ ಅಂತಲೇ ಹೇಳುತ್ತೇನೆ. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿಯೇ ಇದೆ. ಎಸ್‌ಎಸ್‌ಡಿ ಹಾಕಿದ ಮೇಲೆ ಅರ್ಧ ನಿಮಿಷದಲ್ಲಿ ಆನ್ ಆಗುತ್ತದೆ. ಮುಂಚೆ ಮೂರು ನಿಮಿಷ ಬೇಕಿತ್ತು.

ರಿಪೇರಿ ಮೇಜು

ನಿಮ್ಮ ಅಕ್ಕನ ವಿಷಯದಲ್ಲಿ ನೀವು ಮಾಡಿದ್ದು ಸರಿ. ಬರೀ ಆಫೀಸ್ ಕೆಲಸ, ನಾಲ್ಕು ಟ್ಯಾಬ್ ಅಂದರೆ 8 ಸಾಕು, ಅಲ್ಲಿ ಡಿಸ್ಕೇ ಅಡ್ಡಿ. ನಾನೂ ಹತ್ತರಲ್ಲಿ ಏಳು ಜನಕ್ಕೆ ಎಸ್‌ಎಸ್‌ಡಿಯೇ ಮೊದಲು ಅನ್ನುತ್ತೇನೆ. ಇವರ ಲೆಕ್ಕ ಬೇರೆ. 12.6ರಲ್ಲಿ ಇವರ ಕೆಲಸ ನಡೆಯುತ್ತಿದೆ. ಎಸ್‌ಎಸ್‌ಡಿ ಮಾತ್ರ ಹಾಕಿದರೆ ನೋವು ಖಂಡಿತ ಕಮ್ಮಿ ಆಗುತ್ತದೆ. ಆದರೆ ಸಾಮಾನು ಹೊರಗೆ ಹಾಕುವುದು, ಒಳಗೆ ತರುವುದು ದಿನವಿಡೀ ನಡೆದೇ ಇರುತ್ತದೆ. ಎಸ್‌ಎಸ್‌ಡಿ ಕೂಡ ರ‍್ಯಾಮ್‌ಗಿಂತ ಎಷ್ಟೋ ಪಟ್ಟು ನಿಧಾನ. ದುಡ್ಡು ಇದ್ದರೆ ಎರಡೂ ಮಾಡಿಸಿ. ಒಂದೇ ಅಂದರೆ ಇವರಿಗೆ ರ‍್ಯಾಮ್.

ಕಾಲೇಜು ಲ್ಯಾಬ್

ಇದೇ ಜಾಗದಲ್ಲಿ ನನ್ನದೂ ಒಂದು ಕೇಳಿಬಿಡುತ್ತೇನೆ, ತಪ್ಪು ತಿಳಿಯಬೇಡಿ. ನಾನು ಡಿಗ್ರಿ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ಇಂಟೆಲ್ 4ನೇ ಜನರೇಶನ್ ಡೆಸ್ಕ್‌ಟಾಪ್‌ಗಳು, ಡಿಡಿಆರ್3, ತಲಾ 4 ಜಿಬಿ. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದಾಗ 8 ಜಿಬಿಯ ಹಳೇ ಡಿಡಿಆರ್3 ಸ್ಟಿಕ್‌ಗಳು ತುಂಬಾ ಕಮ್ಮಿಗೆ ಸಿಕ್ಕವು. ಹತ್ತು ತಂದೆ. ಸ್ಲಾಟ್‌ಗೆ ಸಲೀಸಾಗಿ ಕೂರುತ್ತವೆ. ಆದರೆ ಒಂದು ಮೆಷಿನ್ನೂ ಆನ್ ಆಗುತ್ತಿಲ್ಲ. ಬರೀ ಬೀಪ್ ಬೀಪ್. ಹತ್ತೂ ಕೆಟ್ಟಿರುತ್ತವಾ? ಕಾಲೇಜಿನ ದುಡ್ಡು, ಪ್ರಿನ್ಸಿಪಾಲರಿಗೆ ಉತ್ತರ ಕೊಡಬೇಕು.

ರಿಪೇರಿ ಮೇಜು

ಸ್ಟಿಕ್ ಫೋಟೋ ಇದ್ದರೆ ನೋಡಿ ಸಾರ್. ಒಂದು ಸಾಲಿಗೆ ಎಂಟರ ಬದಲು ಒಂಬತ್ತು ಚಿಪ್ ಇದೆಯಾ? ನಟ್ಟನಡುವೆ ಬೇರೆ ಆಕಾರದ ಇನ್ನೊಂದು ಚಿಪ್ ಇದೆಯಾ? ಸ್ಟಿಕರ್‌ನಲ್ಲಿ ಪಿಸಿ3-12800ಆರ್ ಅಂತ ಕೊನೆಗೆ ಆರ್ ಇದೆಯಾ?

ಕಾಲೇಜು ಲ್ಯಾಬ್

ಮೂರೂ ಇದೆ.

ಎಲೆಕ್ಟ್ರಾನಿಕ್ಸ್ ಮೇಡಂ

ಹಾಗಾದರೆ ಅವು ಕೆಟ್ಟಿಲ್ಲ. ಅವು ಸರ್ವರ್‌ನ ರ‍್ಯಾಮ್. ಆರ್ ಅಂದರೆ ರಿಜಿಸ್ಟರ್ಡ್. ಸರ್ವರ್‌ಗಳಲ್ಲಿ ಹತ್ತಾರು ಸ್ಟಿಕ್ ಇರುತ್ತವೆ. ಅಷ್ಟೂ ಚಿಪ್ಪಿಗೆ ಪ್ರೊಸೆಸರ್ ನೇರವಾಗಿ ಕಮಾಂಡ್ ಕಳಿಸಿದರೆ ಸಿಗ್ನಲ್ ಬಳಲಿಹೋಗುತ್ತದೆ. ಹಾಗಾಗಿ ನಡುವಿನ ರಿಜಿಸ್ಟರ್ ಚಿಪ್ ಕಮಾಂಡ್‌ಗಳನ್ನು ತೆಗೆದುಕೊಂಡು ಮುಂದಕ್ಕೆ ದಾಟಿಸುತ್ತದೆ. ಒಂಬತ್ತನೇ ಚಿಪ್ ಇಸಿಸಿಗೆ, ಅಂದರೆ ಒಂದು ಬಿಟ್ ತಪ್ಪಾದರೆ ಕಂಡುಹಿಡಿದು ತಿದ್ದುವುದಕ್ಕೆ. ಸಾಮಾನ್ಯ ಡೆಸ್ಕ್‌ಟಾಪ್‌ನ ಮೆಮೊರಿ ಕಂಟ್ರೋಲರ್‌ಗೆ ರಿಜಿಸ್ಟರ್ಡ್ ಸ್ಟಿಕ್ ಜೊತೆ ಮಾತಾಡಲು ಬರುವುದಿಲ್ಲ. ಬಯೋಸ್ (ಮೆಷಿನ್ ಆನ್ ಆದಾಗ ಮೊದಲು ಓಡುವ ಬೋರ್ಡಿನ ಪ್ರೋಗ್ರಾಮ್) ಅಪ್‌ಡೇಟ್ ಮಾಡಿದರೂ ಆಗುವುದಿಲ್ಲ.

ನಿಮಗೆ ಬೇಕಾದ್ದು ಪಿಸಿ3-12800ಯು. ಯು ಅಂದರೆ ಅನ್‌ಬಫರ್ಡ್. ಸಾಧ್ಯವಾದರೆ ಬದಲಾಯಿಸಿಕೊಡಿ ಅಂತ ಅಂಗಡಿಯವರನ್ನು ಕೇಳಿ. "ಡೆಸ್ಕ್‌ಟಾಪ್‌ಗೆ ಅಂತ ಹೇಳಿದ್ದೆ" ಅಂದರೆ ಬಹಳಷ್ಟು ಜನ ಒಪ್ಪುತ್ತಾರೆ.

ರಿಪೇರಿ ಮೇಜು

ಬದಲಾಯಿಸುವಾಗ ಇನ್ನೊಂದು ನೋಡಿಕೊಳ್ಳಿ. 'ಎಎಂಡಿಗೆ ಮಾತ್ರ' ಅನ್ನುವ ಡಿಡಿಆರ್3 ಕೂಡ ಕಮ್ಮಿ ರೇಟಿಗೆ ಮಾರುತ್ತಾರೆ. ನಿಮ್ಮ ಇಂಟೆಲ್ ಬೋರ್ಡ್‌ನಲ್ಲಿ ಅದೂ ಓಡುವುದಿಲ್ಲ. ಮತ್ತೆ ಆ ಮೆಷಿನ್‌ಗಳಲ್ಲಿ 32 ಬಿಟ್ ವಿಂಡೋಸ್ ಇದೆಯಾ ಅಂತ ನೋಡಿ. ಇದ್ದರೆ ಎಷ್ಟು ಹಾಕಿದರೂ 4 ಜಿಬಿಗಿಂತ ಮೇಲೆ ಬಳಸುವುದಿಲ್ಲ. 64 ಬಿಟ್ ಹಾಕಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, 4ನೇ ಜನರೇಶನ್ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಲ್ಯಾಬ್‌ಗೆ ವಿಂಡೋಸ್ ಬದಲು ಲಿನಕ್ಸ್ ಹಾಕುವುದನ್ನು ಯೋಚಿಸಿ. ತಿಪಟೂರು ಸಾರ್ ಪ್ರೊಸೆಸರ್ 8ನೇದು, ಅದು ಪಟ್ಟಿಯಲ್ಲಿ ಇದೆ. ಅದಕ್ಕೇ ಆ ಲ್ಯಾಪ್‌ಟಾಪ್‌ಗೆ ದುಡ್ಡು ಹಾಕಿ ಅಂತ ಧೈರ್ಯವಾಗಿ ಹೇಳುತ್ತಿದ್ದೇನೆ.

ಫೈನಲ್ ಇಯರ್

ಅಣ್ಣಾ, ನಾನು ಹೊಸ ಲ್ಯಾಪ್‌ಟಾಪ್ ನೋಡುತ್ತಿದ್ದೇನೆ. ಬಜೆಟ್ ಕಮ್ಮಿ. 8 ಜಿಬಿಯದ್ದು ತಗೊಂಡು ಕೆಲಸ ಸಿಕ್ಕಿದ ಮೇಲೆ 16 ಮಾಡಿಸೋಣ ಅಂತ ಇದ್ದೇನೆ. ಮೊಬೈಲ್ ಆ್ಯಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋ ಓಡಿಸಬೇಕು. ವಿವರದಲ್ಲಿ 'ಎಲ್‌ಪಿಡಿಡಿಆರ್5 ಆನ್‌ಬೋರ್ಡ್' ಅಂತ ಇದೆ. ಪರವಾಗಿಲ್ಲವಾ?

ಚಿಪ್ ಟೆಸ್ಟಿಂಗ್

ಬೇಡಮ್ಮಾ, ದಯವಿಟ್ಟು ತಗೊಳ್ಳಬೇಡ. ಆನ್‌ಬೋರ್ಡ್ ಅಂದರೆ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಆಗಿರುತ್ತದೆ. ಕೆಲಸ ಸಿಕ್ಕಿದ ಮೇಲೂ ಅದು 8 ಆಗಿಯೇ ಇರುತ್ತದೆ. ಎಲ್‌ಪಿ ಅಂದರೆ ಲೋ ಪವರ್. ಬ್ಯಾಟರಿ ಉಳಿಯುತ್ತದೆ, ವೇಗವೂ ಚೆನ್ನಾಗಿದೆ. ಆ ಕಮ್ಮಿ ವೋಲ್ಟೇಜ್‌ನಲ್ಲಿ ಅಷ್ಟು ವೇಗ ಬೇಕಾದರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ ದಾರಿ ತುಂಬಾ ಚಿಕ್ಕದಿರಬೇಕು, ಅದಕ್ಕೇ ಬೆಸುಗೆ ಹಾಕುತ್ತಾರೆ. ಆಪಲ್‌ನ ಎಂ1 ಮತ್ತು ಆಮೇಲಿನ ಮ್ಯಾಕ್‌ಬುಕ್‌ಗಳಲ್ಲೂ ಹೀಗೇ, ಆಮೇಲೆ ಸೇರಿಸಲು ಬರುವುದಿಲ್ಲ. ಎಮ್ಯುಲೇಟರ್ (ಕಂಪ್ಯೂಟರ್ ಒಳಗೇ ಓಡುವ ನಕಲಿ ಫೋನ್) ಜೊತೆ ಆಂಡ್ರಾಯ್ಡ್ ಸ್ಟುಡಿಯೋ ಅಂದರೆ 8ರಲ್ಲಿ ದಿನಾ ಒದ್ದಾಟ. ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿನದಾದರೂ ಪರವಾಗಿಲ್ಲ, 16 ಇರುವುದನ್ನೇ ನೋಡು. ಅಥವಾ ಸ್ಲಾಟ್ ಇರುವ ಮಾಡೆಲ್ ಹುಡುಕು. ಕೆಲವದರಲ್ಲಿ 8 ಬೆಸುಗೆ, ಪಕ್ಕದಲ್ಲಿ ಒಂದು ಖಾಲಿ ಸ್ಲಾಟ್ ಇರುತ್ತದೆ. ಅದೂ ನಡೆಯುತ್ತದೆ.

ರೇಟ್ ಯಾಕೆ ಹೀಗಾಯಿತು ಅನ್ನುವುದನ್ನೂ ಹೇಳುತ್ತೇನೆ, ಯಾಕೆಂದರೆ ಅಂಗಡಿಯವರನ್ನು ಬೈಯುವವರನ್ನು ನೋಡುತ್ತಿದ್ದೇನೆ. ಪ್ರಪಂಚದ ಹೆಚ್ಚಿನ ಡಿರ‍್ಯಾಮ್ ಮಾಡುವವರು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳಿಗೆ ಎಚ್‌ಬಿಎಂ ಅನ್ನುವ, ಚಿಪ್ಪಿನ ಮೇಲೆ ಚಿಪ್ ಜೋಡಿಸಿದ ಮೆಮೊರಿ ಬೇಕು. ಅದೂ ಡಿರ‍್ಯಾಮ್‌ನಿಂದಲೇ ಆಗುವುದು, ಲಾಭವೂ ಜಾಸ್ತಿ. ಕಾರ್ಖಾನೆಗಳು ಅತ್ತ ವಾಲಿದ್ದರಿಂದ ನಮ್ಮ ನಿಮ್ಮ ಸ್ಟಿಕ್‌ಗೆ ಚಿಪ್ ಕಮ್ಮಿಯಾಯಿತು. 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಜೋರಾಗಿ ಏರಿತು. ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡ್‌ನಲ್ಲಿ ಜನರಿಗೆ ನೇರವಾಗಿ ಮಾರುವುದನ್ನು ನಿಲ್ಲಿಸುತ್ತೇವೆ ಅಂತ 2025ರ ಡಿಸೆಂಬರ್‌ನಲ್ಲಿ ಹೇಳಿತು. ಸಣ್ಣ ಊರಿನ ಅಂಗಡಿಯವರ ಕೈಯಲ್ಲಿ ಇದರಲ್ಲಿ ಏನೂ ಇಲ್ಲ.

ತಿಪಟೂರು ಸಾರ್, ಈ ರೇಟಿನಲ್ಲಿ ಸೆಕೆಂಡ್ ಹ್ಯಾಂಡ್ ರ‍್ಯಾಮ್ ನೋಡುವುದರಲ್ಲಿ ತಪ್ಪೇನಿಲ್ಲ. ಎಸ್‌ಎಸ್‌ಡಿ ಹಾಗೆ ಇದು ಬರೆದು ಬರೆದು ಸವೆಯುವ ವಸ್ತು ಅಲ್ಲ. ಆದರೆ ಒಂದು ವಾರ ವಾಪಸ್ ಕೊಡುವ ಮಾತು ಪಡೆದುಕೊಂಡು ತಗೊಳ್ಳಿ. ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಇಟ್ಟುಕೊಳ್ಳಬೇಡಿ.

ತಿಪಟೂರು ಜೆರಾಕ್ಸ್

ತುಮಕೂರಿನಲ್ಲಿ 8 ಜಿಬಿಯ ಸೆಕೆಂಡ್ ಹ್ಯಾಂಡ್ ಸ್ಟಿಕ್ ಸಿಕ್ಕಿತು. ಪಿಸಿ4-2666ವಿ, 1ಆರ್ ಎಕ್ಸ್8. ಹತ್ತು ದಿನ ಗ್ಯಾರಂಟಿ ಕೊಟ್ಟಿದ್ದಾರೆ. ಖುಷಿಯಿಂದ ಬಂದು ನಾನೇ ಹಾಕಿದೆ. ಈಗ ಪರದೆ ಪೂರ್ತಿ ಕಪ್ಪು. ಲೈಟು ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಏನೂ ಬರುತ್ತಿಲ್ಲ. ನಾಳೆ ಬೆಳಿಗ್ಗೆ ಎರಡು ಮದುವೆ ಕಾರ್ಡು ಕೊಡಬೇಕು. ಕೈ ನಡುಗುತ್ತಿದೆ.

ರಿಪೇರಿ ಮೇಜು

ಗಾಬರಿ ಆಗಬೇಡಿ. ಹತ್ತರಲ್ಲಿ ಒಂಬತ್ತು ಸಲ ಸ್ಟಿಕ್ ಪೂರ್ತಿ ಕೂತಿರುವುದಿಲ್ಲ, ಅಷ್ಟೇ.

ಮೊದಲು ಚಾರ್ಜರ್ ತೆಗೆಯಿರಿ. ಒಳಗಿನ ಬ್ಯಾಟರಿ ಕನೆಕ್ಟರ್ ಬಿಡಿಸಿ. ಪವರ್ ಬಟನ್ 20 ಸೆಕೆಂಡ್ ಒತ್ತಿ ಹಿಡಿಯಿರಿ. ಯಾವುದಾದರೂ ನೆಲಕ್ಕೆ ತಾಗಿರುವ ಲೋಹದ ವಸ್ತು ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಹೋಗುತ್ತದೆ. ಆಮೇಲೆ ಎರಡೂ ಪಕ್ಕದ ಕ್ಲಿಪ್ ಅಗಲಿಸಿ ಹೊಸ ಸ್ಟಿಕ್ ತೆಗೆಯಿರಿ. ಬಂಗಾರದ ಬಣ್ಣದ ಪಿನ್‌ಗಳ ಮೇಲೆ ಮಂಕು ಇದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಈ ರಾತ್ರಿ ಅದು ಸಿಗದಿದ್ದರೆ ಮಕ್ಕಳ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒಂದು ಚೂರೂ ಉಳಿಯದ ಹಾಗೆ ಬ್ರಷ್ ಹೊಡೆಯಿರಿ.

ಹಾಕುವಾಗ ಸ್ಟಿಕ್ ಓರೆಯಾಗಿ ಹಿಡಿದು, ಕಚ್ಚು ನೋಡಿಕೊಂಡು ಒಳಕ್ಕೆ ತಳ್ಳಿ. ಪಿನ್‌ಗಳು ಹೆಚ್ಚುಕಮ್ಮಿ ಕಾಣದಷ್ಟು ಒಳಗೆ ಹೋಗಬೇಕು. ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಕಡೆ ಕ್ಲಿಪ್ 'ಟಕ್' ಅನ್ನಬೇಕು. ಒಂದೇ ಕಡೆ ಅಂದರೆ ಮತ್ತೆ ತೆಗೆಯಿರಿ. ಬ್ಯಾಟರಿ ಜೋಡಿಸಿ ಆನ್ ಮಾಡಿ, ಎರಡು ಮೂರು ನಿಮಿಷ ಕಾಯಿರಿ. ಹೊಸ ರ‍್ಯಾಮ್ ಕಂಡಾಗ ಬೋರ್ಡು ಅದನ್ನು ಪರೀಕ್ಷೆ ಮಾಡಿ ಹೊಂದಿಸಿಕೊಳ್ಳುತ್ತದೆ. ಆಗಲೂ ಬರದಿದ್ದರೆ ಹಳೇ ಸ್ಟಿಕ್ ಒಂದನ್ನೇ ಹಾಕಿ ಕಾರ್ಡಿನ ಕೆಲಸ ಮುಗಿಸಿಕೊಳ್ಳಿ. ಮಿಕ್ಕಿದ್ದು ನಾಳೆ ನೋಡೋಣ. ನಾನು 12ರವರೆಗೆ ಎಚ್ಚರ ಇರುತ್ತೇನೆ.

ತಿಪಟೂರು ಜೆರಾಕ್ಸ್

ಬಂತು! ಎಡಗಡೆ ಕ್ಲಿಪ್ ಸರಿಯಾಗಿ ಬಿದ್ದಿರಲಿಲ್ಲ. ಈಗ 16 ಜಿಬಿ ತೋರಿಸುತ್ತಿದೆ, ಸ್ಪೀಡ್ 2400, ಸ್ಲಾಟ್ 2ರಲ್ಲಿ 2. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ ಸಾರ್. ಮೆಮ್‌ಟೆಸ್ಟ್ ಹಾಕಿ ಮಲಗುತ್ತೇನೆ.

ತಿಪಟೂರು ಜೆರಾಕ್ಸ್

ನಾಲ್ಕು ದಿನ ಆಯಿತು, ಹೇಗಿದೆ ಅಂತ ಹೇಳಲು ಬಂದೆ. ಮೆಮ್‌ಟೆಸ್ಟ್‌ನಲ್ಲಿ ತಪ್ಪು ಸೊನ್ನೆ. ಅದೇ 11 ಗಂಟೆ, ಅದೇ ಕೆಲಸ: ಇನ್ ಯೂಸ್ 10.9, ಕಮಿಟೆಡ್ 13.1. ಹಾರ್ಡ್ ಫಾಲ್ಟ್ಸ್ ಗ್ರಾಫ್ ನೆಲಕ್ಕೆ ಅಂಟಿಕೊಂಡಿದೆ, ಪ್ರೋಗ್ರಾಮ್ ಹೊಸದಾಗಿ ತೆರೆದಾಗ ಮಾತ್ರ ಒಂದು ಸಲ ಏಳುತ್ತದೆ. ಡಿಸ್ಕ್ ಬಹಳ ಹೊತ್ತು 10%ಗಿಂತ ಕೆಳಗೆ. ಕೋರೆಲ್‌ನಿಂದ ಬ್ರೌಸರ್‌ಗೆ ಹೋಗುವುದು ತಕ್ಷಣ ಆಗುತ್ತದೆ. ಬೆಳಿಗ್ಗೆ ಆನ್ ಆಗುವುದು ಮಾತ್ರ ಮುಂಚಿನಷ್ಟೇ ನಿಧಾನ. ಬುಲೆಟ್ ಸವಾರರು ಹೇಳಿದ ಎಸ್‌ಎಸ್‌ಡಿ ಮದುವೆ ಸೀಸನ್ ಮುಗಿದ ಮೇಲೆ ಹಾಕಿಸುತ್ತೇನೆ.

ಆ ಅಜ್ಜಿಗೆ ಫೋನ್ ಮಾಡಿ ಕರೆಸಿದ್ದೆ. ಒಂದೇ ಸಲಕ್ಕೆ ಅರ್ಜಿ ಹೋಯಿತು. ದುಡ್ಡು ತಗೊಳ್ಳಲಿಲ್ಲ.

ಬುಲೆಟ್ ಸವಾರ

ತುಂಬಾ ಖುಷಿಯಾಯಿತು ಸಾರ್. ಎಸ್‌ಎಸ್‌ಡಿ ಹಾಕಿಸುವಾಗ ಮುಂಚೆಯೇ ಹೇಳಿ, ಡೇಟಾ ಹೇಗೆ ಹಾಗೆಹಾಗೇ ನಕಲು ಮಾಡಿಕೊಳ್ಳುವುದು ಅಂತ ಬರೆದು ಕಳಿಸುತ್ತೇನೆ.

ರಿಪೇರಿ ಮೇಜು

ಕೊಳ್ಳುವ ಮುಂಚೆ ಹಿಂದಿನ ಮುಚ್ಚಳ ಇನ್ನೊಂದು ಸಲ ತೆಗೆದು ಬೋರ್ಡ್‌ನಲ್ಲಿ ಎಂ.2 ಸ್ಲಾಟ್ (ಸಣ್ಣ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಇದೆಯಾ ಅಂತ ನೋಡಿ ಸಾರ್. ಇದ್ದರೆ ಅದರ ಫೋಟೋ ಇಲ್ಲಿ ಹಾಕಿ. ಎಂ.2ರಲ್ಲೂ ಸಾಟಾ, ಎನ್‌ವಿಎಂಇ ಅಂತ ಎರಡು ಬಗೆ ಇದೆ, ನೋಡಲು ಒಂದೇ ಥರ. ನಿಮ್ಮ ಬೋರ್ಡು ಯಾವುದನ್ನು ಒಪ್ಪುತ್ತದೆ ಅಂತ ನೋಡಿ ಹೇಳುತ್ತೇನೆ.